ನೀವು ಕೇಳಿದಿರಿ: ಅಮ್ಮನ ಸ್ಕ್ಯಾನ್‌ಗೆ ಬಣ್ಣ ಹಚ್ಚಿದ್ದು ಯಾರು?

ಹೋದ ಸಂಚಿಕೆಯಲ್ಲಿ ಎಂಆರ್‌ಐ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಮೂರಕ್ಕೆ ಈ ಸಲ ಉತ್ತರ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅಂಥ ಹಾಳೆ ಹಿಡಿದುಕೊಂಡು ನಿದ್ದೆಗೆಟ್ಟು ಕೂತವರು ಇನ್ನೂ ಎಷ್ಟೋ ಮನೆಗಳಲ್ಲಿ ಇದ್ದಾರೆ.

ಪ್ರಶ್ನೆ: ಮೇಡಂ, ನನ್ನ ಅಮ್ಮನಿಗೆ 68 ವರ್ಷ. ಒಂದು ವರ್ಷದಿಂದ ಮರೆವು ಜಾಸ್ತಿಯಾಗಿದೆ. ಗ್ಯಾಸ್ ಮೇಲೆ ಹಾಲಿಟ್ಟು ಮರೆಯುತ್ತಾರೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಡಾಕ್ಟರು ಎಂಆರ್‌ಐ ಮಾಡಿಸಿದರು. ರಿಪೋರ್ಟ್ ಜೊತೆ ಒಂದು ಬಣ್ಣದ ಹಾಳೆಯೂ ಬಂದಿದೆ. ಮಿದುಳಿನ ಒಂದೊಂದು ಭಾಗಕ್ಕೂ ಒಂದೊಂದು ಬಣ್ಣ. ‘ಎಡ ಹಿಪೊಕ್ಯಾಂಪಸ್ 2.9 ಎಂಎಲ್, 8ನೇ ಪರ್ಸೆಂಟೈಲ್’ ಅಂತ ಕೆಂಪಕ್ಷರದಲ್ಲಿದೆ. ಕೆಳಗೆ ‘ಎಐ ಲೆಕ್ಕಾಚಾರ’ ಅಂತ ಬರೆದಿದೆ. ಡಾಕ್ಟರನ್ನು ನೋಡಲು ಇನ್ನೂ ಎರಡು ವಾರ ಇದೆ. ಎಂಟು ಅಂದರೆ ಎಂಟು ಪರ್ಸೆಂಟ್ ಮಾತ್ರ ಉಳಿದಿದೆ ಅಂತಾನಾ? ಇದು ಅಲ್ಝೈಮರ್ಸಾ? ಎಡ ಅಂತ ಬರೆದು ಚಿತ್ರದಲ್ಲಿ ಬಲಗಡೆ ತೋರಿಸಿದ್ದಾರೆ, ಅದು ತಪ್ಪಲ್ವಾ? ಅಮ್ಮ ಒಳಗೆ ಹೆದರಿ ಸ್ವಲ್ಪ ಅಲುಗಾಡಿದರಂತೆ.
— ಒಬ್ಬ ಮಗಳು, ದಾವಣಗೆರೆ

ಉತ್ತರ: ಮೊದಲು ಆ ಎಂಟರ ವಿಷಯ ಹೇಳಿಬಿಡುತ್ತೇನೆ, ನೀವು ಸ್ವಲ್ಪ ಉಸಿರಾಡಿ. ಎಂಟು ಪರ್ಸೆಂಟ್ ಉಳಿದಿದೆ ಅಂತ ಅದರ ಅರ್ಥ ಅಲ್ಲವೇ ಅಲ್ಲ. ಅಮ್ಮನ ವಯಸ್ಸಿನ 100 ಜನ ಆರೋಗ್ಯವಂತರನ್ನು ಹಿಪೊಕ್ಯಾಂಪಸ್‌ನ, ಅಂದರೆ ಮಿದುಳಿನಲ್ಲಿ ನೆನಪಿಗೆ ಬೇಕಾದ ಒಂದು ಭಾಗದ, ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸಿ. ಅಮ್ಮನ ಜಾಗ ಚಿಕ್ಕದರ ಕಡೆಯಿಂದ ಎಂಟನೆಯದು, ಅಷ್ಟೇ. ಆ ಸಾಲಿನಲ್ಲಿ ಅಮ್ಮನಿಗಿಂತ ಹಿಂದೆ ನಿಂತವರೂ ಆರೋಗ್ಯವಂತರೇ ಅನ್ನೋದನ್ನು ಮರೆಯಬೇಡಿ. ಗಾತ್ರ ಚಿಕ್ಕದಿದೆ ಅನ್ನೋದು ಒಂದು ಸುಳಿವು. ಕಾಯಿಲೆಯ ಹೆಸರು ಅಲ್ಲ.

ಎಡ ಬಲದ ಗೊಂದಲಕ್ಕೂ ಹೆದರಬೇಡಿ. ರೋಗಿ ಅಂಗಾತ ಮಲಗಿದ್ದಾರೆ, ನಾವು ಅವರ ಕಾಲಿನ ಕಡೆ ನಿಂತು ನೋಡುತ್ತಿದ್ದೇವೆ ಅಂತ ಲೆಕ್ಕ ಇಟ್ಟುಕೊಂಡು ರೇಡಿಯಾಲಜಿಯಲ್ಲಿ ಚಿತ್ರ ತೋರಿಸುತ್ತಾರೆ. ಎದುರಿಗೆ ನಿಂತವರ ಎಡಗೈ ನಮ್ಮ ಬಲಕ್ಕೆ ಬರುತ್ತದಲ್ಲ, ಹಾಗೆ.

ಈಗ ಬಣ್ಣ ಹಚ್ಚಿದ್ದು ಯಾರು ಅನ್ನೋದಕ್ಕೆ ಬರುತ್ತೇನೆ. ಹಾಳೆಯಲ್ಲಿ ‘ಎಐ’ ಅಂತ ಇದೆ, ಅಂದರೆ ಕಂಪ್ಯೂಟರ್, ನಿಜ. ಆದರೆ ಕಂಪ್ಯೂಟರ್‌ಗೆ ಅದನ್ನು ಕಲಿಸಿದ್ದು ಮನುಷ್ಯರ ಕೈ. ಆ ಕೈಗಳಲ್ಲಿ ನನ್ನದೂ ಒಂದು, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

2011ರಲ್ಲಿ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ನಾನು ಕೆಲಸಕ್ಕೆ ಸೇರಿದೆ. ಎಂಟು ತಿಂಗಳು ನನಗಿದ್ದ ಕೆಲಸ ಒಂದೇ. ಸ್ಕ್ಯಾನ್ ತೆರೆಯೋದು, ಹಿಪೊಕ್ಯಾಂಪಸ್‌ನ ಸುತ್ತ ಮೌಸ್ ಹಿಡಿದು ಗೆರೆ ಎಳೆಯೋದು. ಹಿಪೊಕ್ಯಾಂಪಸ್ ಅಂದರೆ ಕಿವಿಯ ನೇರಕ್ಕೆ, ಮಿದುಳಿನ ಒಳಮಗ್ಗುಲಲ್ಲಿ ಇರುವ ಬಾಗಿದ ಭಾಗ. ಎರಡೂ ಕಡೆ ಒಂದೊಂದು. ಹೊಸ ನೆನಪು ಕೂಡಿಡುವುದಕ್ಕೆ ಅದು ಬೇಕೇ ಬೇಕು. ಉದ್ದ ಸುಮಾರು ನಾಲ್ಕು ಸೆಂಟಿಮೀಟರ್, ದಪ್ಪ ನಮ್ಮ ಕಿರುಬೆರಳಿಗಿಂತಲೂ ಸ್ವಲ್ಪ ಕಮ್ಮಿ. ಬ್ರೆಡ್ ಹೋಳು ಮಾಡಿದ ಹಾಗೆ ಒಂದೊಂದು ಮಿಲಿಮೀಟರ್‌ಗೆ ಒಂದು ಚಿತ್ರ. ಒಂದು ಕಡೆಗೆ ನಲವತ್ತು ಚಿತ್ರ, ಎರಡೂ ಕಡೆಗೆ ಎಂಬತ್ತು. ಶುರುವಿನಲ್ಲಿ ಒಬ್ಬರ ಸ್ಕ್ಯಾನ್ ಮುಗಿಸಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು.

ಮಧ್ಯದ ಚಿತ್ರಗಳಲ್ಲಿ ಕಷ್ಟ ಇಲ್ಲ. ಪಕ್ಕದಲ್ಲಿ ನೀರು ತುಂಬಿದ ಕಪ್ಪು ಜಾಗ, ಮೇಲೆ ಕೂದಲೆಳೆಯಂಥ ಬಿಳಿ ಗೆರೆ. ಅಲ್ಲಿ ಕೈ ತಾನಾಗಿ ಹೋಗುತ್ತದೆ. ಕಷ್ಟ ಇರೋದು ಮುಂದಿನ ತುದಿಯಲ್ಲಿ. ಅಲ್ಲಿ ಹಿಪೊಕ್ಯಾಂಪಸ್‌ಗೆ ಅಮಿಗ್ಡಲ ಅನ್ನೋ ಇನ್ನೊಂದು ಭಾಗ ಅಂಟಿಕೊಂಡಿರುತ್ತದೆ. ಎರಡೂ ಒಂದೇ ಬೂದು ಬಣ್ಣ. ಎಲ್ಲಿ ಇದು ಮುಗಿದು ಅದು ಶುರುವಾಯಿತು? ಪರದೆಗೆ ಮೂಗು ತಾಗಿಸಿ ನೋಡಿದರೂ ಗೊತ್ತಾಗುತ್ತಿರಲಿಲ್ಲ. ಒಂದು ಸಲ ನಮ್ಮ ಹಿರಿಯರು ಎರಡು ವಾರದ ಹಿಂದೆ ನಾನೇ ಮುಗಿಸಿದ್ದ ಸ್ಕ್ಯಾನನ್ನು ಹೆಸರು ಮರೆಮಾಡಿ ಮತ್ತೆ ಕೊಟ್ಟರು. ನಾನು ಗೆರೆ ಎಳೆದೆ. ಆಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದರು. ಮುಂದಿನ ತುದಿಯಲ್ಲಿ ನನ್ನ ಗೆರೆಗೆ ನನ್ನ ಗೆರೆಯೇ ಹೊಂದಿರಲಿಲ್ಲ.

ಬೇರೆ ಬೇರೆ ದೇಶಗಳ ಲ್ಯಾಬ್‌ಗಳಲ್ಲೂ ಇದೇ ಪಾಡು. ಒಬ್ಬೊಬ್ಬರದು ಒಂದೊಂದು ಪದ್ಧತಿ. ಕೊನೆಗೆ ತಜ್ಞರು ಒಟ್ಟಿಗೆ ಕೂತು, ಎಲ್ಲಿಂದ ಎಲ್ಲಿಯವರೆಗೆ ಎಳೆಯಬೇಕು ಅಂತ ಒಂದು ಒಪ್ಪಿತ ಪದ್ಧತಿ ಮಾಡಿಕೊಂಡರು. 2015ರ ಹೊತ್ತಿಗೆ ಅದು ಬಳಕೆಗೆ ಸಿಕ್ಕಿತು.

ಇದೆಲ್ಲ ನಿಮಗೆ ಯಾಕೆ ಹೇಳಿದೆ ಅಂದರೆ, ಆ 2.9ರಲ್ಲಿ ಎಷ್ಟು ಭಾಗ ಅಮ್ಮನದು, ಎಷ್ಟು ಭಾಗ ಗೆರೆಯದು ಅನ್ನೋದು ನಿಮಗೆ ತಿಳಿಯಬೇಕು. ಏಲಕ್ಕಿ ಬಾಳೆಹಣ್ಣು ನೆನೆಸಿಕೊಳ್ಳಿ. ಸಿಪ್ಪೆ ಸುಲಿದರೆ ಎಷ್ಟು ಚಿಕ್ಕದಾಗುತ್ತದೆ! ಪಚ್ಚಬಾಳೆಗೆ ಅಷ್ಟು ವ್ಯತ್ಯಾಸ ಕಾಣಲ್ಲ. ಚಿಕ್ಕ ವಸ್ತುವಿನಲ್ಲಿ ತಿರುಳಿಗೆ ಹೋಲಿಸಿದರೆ ಸಿಪ್ಪೆಯೇ ಜಾಸ್ತಿ. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ನಾಲ್ಕು ಸೆಂಟಿಮೀಟರ್ ಉದ್ದದ, 3 ಎಂಎಲ್ ಗಾತ್ರದ ಒಂದು ಕೊಳವೆ ಅಂದುಕೊಳ್ಳಿ. ಸುತ್ತಲೂ ಬರೀ ಅರ್ಧ ಮಿಲಿಮೀಟರ್ ಒಳಗೆ ಗೆರೆ ಎಳೆದರೆ ಐದರಲ್ಲಿ ಒಂದು ಪಾಲು ಹೋಯಿತು. ಒಂದು ಮಿಲಿಮೀಟರ್ ಆದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ನಿಜವಾದ ಗೆರೆ ಹೀಗೆ ಸುತ್ತಲೂ ಜಾರುವುದಿಲ್ಲ, ಅಲ್ಲಲ್ಲಿ ಜಾರುತ್ತದೆ. ಆದರೂ ವಿಷಯ ಎಷ್ಟು ಸೂಕ್ಷ್ಮ ಅಂತ ಗೊತ್ತಾಯಿತಲ್ಲ.

ಅಮ್ಮ ಅಲುಗಾಡಿದ್ದನ್ನು ಬರೆದು ಒಳ್ಳೆಯದು ಮಾಡಿದಿರಿ. ಅಲುಗಾಡಿದರೆ ಅಂಚು ಮಸುಕಾಗುತ್ತದೆ, ಬೂದು ಭಾಗ ಇರುವುದಕ್ಕಿಂತ ಕಮ್ಮಿ ಅಂತ ಅಳತೆ ಬರಬಹುದು. ಡಾಕ್ಟರಿಗೆ ಇದನ್ನು ಖಂಡಿತ ಹೇಳಿ. ಬರೀ ಪ್ರಿಂಟ್ ಅಲ್ಲ, ಸ್ಕ್ಯಾನ್‌ನ ಸಿಡಿಯನ್ನೂ ತೆಗೆದುಕೊಂಡು ಹೋಗಿ. ಬಣ್ಣದ ಗೆರೆ ಸರಿಯಾದ ಜಾಗದಲ್ಲಿ ಕೂತಿದೆಯಾ ಅಂತ ರೇಡಿಯಾಲಜಿಸ್ಟ್ ಕಣ್ಣಾರೆ ನೋಡಬೇಕು. ಗೆರೆಯೇ ಪಕ್ಕಕ್ಕೆ ಹೋಗಿದ್ದರೆ ಅದರ ಕೆಳಗಿನ ಅಂಕಿಗೆ ಬೆಲೆ ಇಲ್ಲ.

ಇನ್ನೆರಡು ಪ್ರಶ್ನೆ ಬರೆದಿಟ್ಟುಕೊಳ್ಳಿ. ತಲೆಯ ಗಾತ್ರಕ್ಕೆ ಈ ಅಂಕಿಯನ್ನು ಸರಿಹೊಂದಿಸಿದ್ದಾರಾ? ಚಿಕ್ಕ ತಲೆಯವರಿಗೆ ಹಿಪೊಕ್ಯಾಂಪಸ್ ಕೂಡ ಚಿಕ್ಕದಿರುವುದು ಸಹಜ. ಮತ್ತೆ, ಸಾಲಿನಲ್ಲಿ ನಿಲ್ಲಿಸಿದ ಆ ನೂರು ಜನ ಎಲ್ಲಿಯವರು? ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಅವರು ಅಮೆರಿಕ, ಯೂರೋಪಿನವರು. ಹೈದರಾಬಾದಿನ ಐಐಐಟಿಯವರು 100 ಜನ ಆರೋಗ್ಯವಂತ ಭಾರತೀಯರ ಸ್ಕ್ಯಾನ್‌ಗಳಿಂದ ಒಂದು ಮಿದುಳಿನ ನಕ್ಷೆ ಮಾಡಿದಾಗ, ನಮ್ಮವರ ಮಿದುಳು ಸರಾಸರಿಯಲ್ಲಿ ಉದ್ದ, ಅಗಲ, ಗಾತ್ರ ಎಲ್ಲದರಲ್ಲೂ ಸ್ವಲ್ಪ ಚಿಕ್ಕದು ಅಂತ ಕಂಡಿತು. ಇದಕ್ಕೂ ಬುದ್ಧಿಗೂ ಸಂಬಂಧ ಇಲ್ಲ. ಆದರೆ ಬೇರೆಯವರ ಅಳತೆಗೋಲಿನಲ್ಲಿ ಅಳೆದರೆ ನಮ್ಮ ತಾಯಂದಿರು ಸುಮ್ನೆ ಕೆಂಪಕ್ಷರದಲ್ಲಿ ಬೀಳಬಹುದು.

ಮರೆವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕಿವಿ ಕೇಳಿಸದಿರುವುದು, ಕೆಲವು ಮಾತ್ರೆಗಳು — ಇವುಗಳಿಂದಲೂ ಮರೆವು ಬರುತ್ತದೆ, ಇವುಗಳಿಗೆ ಚಿಕಿತ್ಸೆಯೂ ಇದೆ. ರಕ್ತ ಪರೀಕ್ಷೆ ಆಗಿಲ್ಲದಿದ್ದರೆ ಕೇಳಿ. ನೆನಪಿನ ಪರೀಕ್ಷೆಯನ್ನು ಅಮ್ಮನಿಗೆ ಗೊತ್ತಿರುವ ಭಾಷೆಯಲ್ಲೇ ಮಾಡಲಿ. ಹಾಲು ಉಕ್ಕಿದ್ದು ಯಾವಾಗ, ವಾರಕ್ಕೆ ಎಷ್ಟು ಸಲ, ಹಣದ ಲೆಕ್ಕ ತಪ್ಪುತ್ತದಾ, ಗೊತ್ತಿರುವ ದಾರಿ ತಪ್ಪುತ್ತದಾ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರಿಗೆ ಆ ಹಾಳೆ ಬಣ್ಣದ ಹಾಳೆಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಡಾಕ್ಟರು ಒಂದು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಹೇಳಿದರೆ ಬೇಡ ಅನ್ನಬೇಡಿ. ಎಂಆರ್‌ಐಯಲ್ಲಿ ಎಕ್ಸ್-ರೇ ಇಲ್ಲ. ಆದಷ್ಟು ಅದೇ ಯಂತ್ರ, ಅದೇ ಸಾಫ್ಟ್‌ವೇರ್ ಇರಲಿ. ಆಗ ಗೆರೆಯ ದೋಷ ಎರಡೂ ಸಲ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಅಮ್ಮನನ್ನು ಅಮ್ಮನ ಜೊತೆಗೇ ಹೋಲಿಸಬಹುದು. ವಯಸ್ಸಾದ ಆರೋಗ್ಯವಂತರಲ್ಲಿ ಹಿಪೊಕ್ಯಾಂಪಸ್ ವರ್ಷಕ್ಕೆ ಸುಮಾರು ಶೇ 1ರಿಂದ 1.5ರಷ್ಟು ಸವೆಯುತ್ತದೆ. ಅಲ್ಝೈಮರ್ಸ್ ಇದ್ದವರಲ್ಲಿ ಸರಾಸರಿ ಶೇ 4-5ರಷ್ಟು. ಒಂದೇ ಸಲದ ಗಾತ್ರಕ್ಕಿಂತ ಈ ಸವೆತದ ವೇಗ ಹೆಚ್ಚು ಹೇಳುತ್ತದೆ. ಮುಂದಿನ ಸಲ ಕಿವಿಗೆ ಸರಿಯಾಗಿ ಇಯರ್‌ಪ್ಲಗ್ ಅಥವಾ ಹೆಡ್‌ಫೋನ್ ಹಾಕಿಸಿ. ಎಷ್ಟು ಹೊತ್ತು ಆಗುತ್ತದೆ, ಎಂಥ ಸದ್ದು ಬರುತ್ತದೆ ಅಂತ ಅಮ್ಮನಿಗೆ ಮೊದಲೇ ಹೇಳಿ. ಹೆದರಿಕೆ ಅರ್ಧ ಹೋಗುತ್ತದೆ.

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದ ವಿದ್ಯಾರ್ಥಿ. ಹಿಪೊಕ್ಯಾಂಪಸ್ ಗುರುತಿಸುವ ಯು-ನೆಟ್ ಅನ್ನೋ ಎಐ ಮಾದರಿಯನ್ನು ಪ್ರಾಜೆಕ್ಟ್ ಮಾಡಿದ್ದೇವೆ. ಅಕ್ಯುರಸಿ ಶೇ 99.8 ಬಂತು. ಗೈಡ್ ತುಂಬಾ ಖುಷಿಪಟ್ಟರು. ಆದರೆ ನನ್ನ ಮಾವ ಕೆಲಸ ಮಾಡುವ ಆಸ್ಪತ್ರೆಯಿಂದ ಪೆನ್‌ಡ್ರೈವ್‌ನಲ್ಲಿ ತಂದ ಹತ್ತು ಸ್ಕ್ಯಾನ್ ಹಾಕಿದರೆ ಎಲ್ಲೆಲ್ಲೋ ಬಣ್ಣ ಬಳಿಯುತ್ತದೆ. ಎರಡು ಕಡೆ ಎಡಕ್ಕೆ ಬಲ ಅನ್ನುತ್ತದೆ. ಎಲ್ಲಿ ತಪ್ಪಿದೆವು?
— ಒಬ್ಬ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹೊರಗಿನ ಸ್ಕ್ಯಾನ್ ಹಾಕಿ ಪರೀಕ್ಷಿಸಬೇಕು ಅಂತ ಅನ್ನಿಸಿತಲ್ಲ, ಅದು ನಿಜವಾಗಿ ಒಳ್ಳೆಯ ಬುದ್ಧಿ. ಎಷ್ಟೋ ಜನ 99.8 ನೋಡಿ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ.

ಆ 99.8ಕ್ಕೆ ಮರುಳಾಗಬೇಡಿ. ಅಕ್ಯುರಸಿ ಅಂದರೆ ಒಟ್ಟು ಚುಕ್ಕಿಗಳಲ್ಲಿ ಎಷ್ಟಕ್ಕೆ ಸರಿ ಉತ್ತರ ಬಂತು ಅನ್ನೋದು, ಅಷ್ಟೇ. ಒಂದೊಂದು ಕಡೆಯೂ 256 ಚುಕ್ಕಿ ಇರುವ ಸ್ಕ್ಯಾನ್‌ನಲ್ಲಿ ಒಟ್ಟು 1 ಕೋಟಿ 67 ಲಕ್ಷ ಘನ ಚುಕ್ಕಿ, ಅಂದರೆ ವೋಕ್ಸೆಲ್. ಅದರಲ್ಲಿ ಎರಡೂ ಹಿಪೊಕ್ಯಾಂಪಸ್ ಸೇರಿ ಏಳು ಸಾವಿರದ ಹತ್ತಿರ. ‘ಹಿಪೊಕ್ಯಾಂಪಸ್ ಇಲ್ಲವೇ ಇಲ್ಲ’ ಅಂತ ಖಾಲಿ ಉತ್ತರ ಕೊಡುವ ಪ್ರೋಗ್ರಾಂಗೂ ಶೇ 99.9ಕ್ಕಿಂತ ಜಾಸ್ತಿ ಅಕ್ಯುರಸಿ ಬರುತ್ತದೆ! ನಿಮ್ಮದು ಅದಕ್ಕಿಂತ ಕಮ್ಮಿ. ಅದರ ಬದಲು, ಎರಡು ಗೆರೆ ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಡೈಸ್ ಅಂಕ ಲೆಕ್ಕ ಹಾಕಿ. ಲೀ ಡೈಸ್ ಅನ್ನೋ ಜೀವವಿಜ್ಞಾನಿ 1945ರಲ್ಲಿ ಎರಡು ಜೀವಜಾತಿಗಳು ಎಷ್ಟರ ಮಟ್ಟಿಗೆ ಒಂದೇ ಜಾಗದಲ್ಲಿ ಕಾಣಸಿಗುತ್ತವೆ ಅಂತ ಅಳೆಯಲು ಬರೆದ ಸೂತ್ರ ಅದು. ಕೈಯಿಂದ ಎಳೆದದ್ದು 3,500 ವೋಕ್ಸೆಲ್, ಕಂಪ್ಯೂಟರ್ ಎಳೆದದ್ದು 3,500, ಎರಡಕ್ಕೂ ಸೇರಿದ್ದು 3,000 ಅಂದುಕೊಳ್ಳಿ. ಸೇರಿದ್ದರ ಎರಡರಷ್ಟು 6,000. ಅದನ್ನು ಒಟ್ಟು 7,000ದಿಂದ ಭಾಗಿಸಿದರೆ ಸುಮಾರು 0.86. ಖಾಲಿ ಉತ್ತರಕ್ಕೆ ಸೊನ್ನೆ. ಇದಕ್ಕೆ ಮೋಸ ಮಾಡುವುದು ಸುಲಭ ಅಲ್ಲ.

ಎರಡನೆಯದು ನನ್ನ ಅನುಮಾನ, ನೀವೇ ನೋಡಿಕೊಳ್ಳಿ. ಟ್ರೈನಿಂಗ್‌ಗೆ ಇಷ್ಟು, ಟೆಸ್ಟ್‌ಗೆ ಇಷ್ಟು ಅಂತ ಹಂಚುವಾಗ ಸ್ಲೈಸ್‌ಗಳನ್ನು, ಅಂದರೆ ಸ್ಕ್ಯಾನ್‌ನ ಹೋಳು ಚಿತ್ರಗಳನ್ನು, ಕಲಸಿ ಹಂಚಿದಿರಾ? ಒಬ್ಬರ 40ನೇ ಸ್ಲೈಸ್ ಕಲಿಕೆಗೆ ಹೋಗಿ, ಅದೇ ವ್ಯಕ್ತಿಯ 41ನೇ ಸ್ಲೈಸ್ ಪರೀಕ್ಷೆಗೆ ಬಂದರೆ ಅದು ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟ ಹಾಗೆ. ಒಂದು ಮಿಲಿಮೀಟರ್ ಅಂತರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಚಿತ್ರ. ಹಂಚೋದು ಯಾವತ್ತೂ ವ್ಯಕ್ತಿ ಲೆಕ್ಕದಲ್ಲಿ. ಒಬ್ಬರ ಎಲ್ಲ ಸ್ಲೈಸ್ ಒಂದೇ ಕಡೆ ಇರಬೇಕು.

ಎಡ ಬಲ ಅದಲುಬದಲಾಗುವುದು ಎಲ್ಲಿಂದ ಅಂತ ನನಗೆ ಚೆನ್ನಾಗಿ ಗೊತ್ತು, ನಾನೂ ಆ ತಪ್ಪು ಮಾಡಿದ್ದೇನೆ. ಸ್ಕ್ಯಾನ್ ಕಮ್ಮಿ ಇದ್ದಾಗ ಚಿತ್ರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಎರಡರಷ್ಟು ಮಾಡಿಕೊಳ್ಳುತ್ತೇವಲ್ಲ, ಅಲ್ಲಿ. ಬೆಕ್ಕು ನಾಯಿ ಗುರುತಿಸುವಾಗ ಏನೂ ಆಗಲ್ಲ. ಇಲ್ಲಿ ಚಿತ್ರ ತಿರುಗಿದಾಗ ‘ಎಡ’, ‘ಬಲ’ ಅನ್ನೋ ಲೇಬಲ್‌ಗಳನ್ನೂ ಅದಲುಬದಲು ಮಾಡಬೇಕು. ನಾನು ಮಾಡಿರಲಿಲ್ಲ. ಮಾದರಿ ಮೂರು ದಿನ ಕಲಿತು, ಎರಡೂ ಕಡೆ ಅರ್ಧ ಎಡ ಅರ್ಧ ಬಲ ಅಂತ ಚುಕ್ಕೆ ಚುಕ್ಕೆ ಬಣ್ಣ ಹಚ್ಚಿತು. ಅದರ ಜೊತೆಗೆ ಫೈಲ್ ಹೆಡರ್‌ನಲ್ಲಿ (ಫೈಲ್‌ನ ಶುರುವಿನ ಮಾಹಿತಿಯಲ್ಲಿ) ಸ್ಕ್ಯಾನ್ ಯಾವ ದಿಕ್ಕಿಗಿದೆ ಅಂತ ಬರೆದಿರುತ್ತದೆ, ಅದನ್ನೂ ಓದಿ. ಎಲ್ಲ ಸ್ಕ್ಯಾನ್‌ಗಳನ್ನೂ ಒಂದೇ ದಿಕ್ಕಿಗೆ ತಂದ ಮೇಲೇ ಒಳಗೆ ಬಿಡಿ.

ಇನ್ನು ಆಸ್ಪತ್ರೆಯ ಸ್ಕ್ಯಾನ್. ದಿನನಿತ್ಯದ ಸ್ಕ್ಯಾನ್‌ಗಳಲ್ಲಿ ಸ್ಲೈಸ್‌ನ ದಪ್ಪ ಸಾಮಾನ್ಯವಾಗಿ 5 ಮಿಲಿಮೀಟರ್. ಅಡ್ಡಕ್ಕೆ ಕೊಯ್ದ ಅಂಥ ಚಿತ್ರಗಳಲ್ಲಿ ಹಿಪೊಕ್ಯಾಂಪಸ್ ಎರಡು ಮೂರರಲ್ಲಿ ಕಂಡರೆ ಹೆಚ್ಚು. ಬೂದು, ಬಿಳಿ, ಕಪ್ಪಿನ ಮಟ್ಟವೂ ಬೇರೆ. ಒಂದೇ ಥರದ ಸ್ಕ್ಯಾನ್ ನೋಡಿ ಬೆಳೆದ ಮಾದರಿಗೆ ಇದು ಬೇರೆ ಲೋಕ. 2023ರಲ್ಲಿ ಪ್ರಕಟವಾದ ಸಿಂತ್‌ಸೆಗ್ ಅನ್ನೋ ಕೆಲಸ ಓದಿ. ಅವರು ಮಾಡಿದ ಉಪಾಯ ನನಗೆ ಬಹಳ ಇಷ್ಟ. ನಿಜವಾದ ಸ್ಕ್ಯಾನ್ ತೋರಿಸಿ ಕಲಿಸಲೇ ಇಲ್ಲ. ಮಿದುಳಿನ ಭಾಗಗಳನ್ನು ಗುರುತು ಮಾಡಿಟ್ಟ ಲೇಬಲ್ ನಕ್ಷೆಗಳಿಗೆ ಮನಸ್ಸಿಗೆ ಬಂದ ಬೂದು ಬಣ್ಣ ತುಂಬಿ, ಮಸುಕು ಮಾಡಿ, ಸೊಟ್ಟ ಮಾಡಿ, ದಪ್ಪ ಸ್ಲೈಸ್ ಮಾಡಿ, ಕಂಪ್ಯೂಟರ್‌ನಲ್ಲೇ ಹುಟ್ಟಿಸಿದ ಚಿತ್ರಗಳನ್ನು ತೋರಿಸಿದರು. ಎಂಥ ವಿಚಿತ್ರ ಬಣ್ಣ ಬಂದರೂ ಆಕಾರದ ಮೇಲೆ ಕಣ್ಣಿಡಲು ಅದು ಕಲಿಯಿತು. ಆಸ್ಪತ್ರೆಯ ಒರಟು ಸ್ಕ್ಯಾನ್ ಮೇಲೂ ನಡೆಯುತ್ತದೆ. ಮಿದುಳಿನ ಭಾಗಗಳನ್ನು ಗುರುತಿಸಿ ಅಳೆಯುವ ಫ್ರೀಸರ್ಫರ್ ಸಾಫ್ಟ್‌ವೇರ್ ಜೊತೆ ಪುಕ್ಕಟೆ ಸಿಗುತ್ತದೆ. ನನ್ನ ಕಾಲದಲ್ಲಿ ಅದೇ ಫ್ರೀಸರ್ಫರ್‌ಗೆ ಸಂಜೆ ಒಂದು ಸ್ಕ್ಯಾನ್ ಕೊಟ್ಟು ಹೋದರೆ ಬೆಳಗ್ಗೆ ಬಂದಾಗಲೂ ಓಡುತ್ತಿರುತ್ತಿತ್ತು. ಈಗ ಜರ್ಮನಿಯ ಬಾನ್‌ನವರ ಫಾಸ್ಟ್‌ಸರ್ಫರ್ ಒಳ್ಳೆಯ ಜಿಪಿಯು (ಇಂಥ ದೊಡ್ಡ ಲೆಕ್ಕ ಬೇಗ ಮಾಡುವ ಚಿಪ್) ಇದ್ದರೆ ಒಂದು ನಿಮಿಷದಲ್ಲಿ 95 ಭಾಗಗಳಿಗೆ ಬಣ್ಣ ಹಚ್ಚುತ್ತದೆ.

ನಿಮ್ಮ ಕಂಪ್ಯೂಟರ್ ಸಣ್ಣದಿದ್ದರೆ ಬೇಸರ ಬೇಡ. ಮೆಡಿಕಲ್ ಸೆಗ್ಮೆಂಟೇಶನ್ ಡೆಕಾಥ್ಲಾನ್ ಅನ್ನೋ ಸ್ಪರ್ಧೆಯ ಸ್ಕ್ಯಾನ್ ಸಂಗ್ರಹದಲ್ಲಿ ಹಿಪೊಕ್ಯಾಂಪಸ್‌ನ ಸುತ್ತಲಿನ ಭಾಗವನ್ನಷ್ಟೇ ಕತ್ತರಿಸಿದ ಸುಮಾರು 260 ಸ್ಕ್ಯಾನ್ ಲೇಬಲ್ ಸಮೇತ ಸಿಗುತ್ತವೆ. ಸಾಧಾರಣ ಜಿಪಿಯು ಸಾಕು. 2015ರಲ್ಲಿ ಜರ್ಮನಿಯ ಫ್ರೈಬುರ್ಗ್‌ನವರು ಯು-ನೆಟ್ ಪ್ರಕಟಿಸಿದಾಗ ಒಂದು ಸ್ಪರ್ಧೆಗೆ ಕಲಿಸಿದ್ದು ಹಣ್ಣಿನ ನೊಣದ ನರಗಳ ಬರೀ 30 ಚಿತ್ರಗಳಿಂದ.

ಕೊನೆಗೆ ಆ ಪೆನ್‌ಡ್ರೈವ್. ಇದನ್ನು ಅಕ್ಕನ ಹಾಗೆ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಆ ಸ್ಕ್ಯಾನ್‌ಗಳನ್ನು ಅಳಿಸಿ. ಹೆಸರು, ಹುಟ್ಟಿದ ದಿನ ಎಲ್ಲ ಫೈಲ್‌ನ ಒಳಗೇ ಇರುತ್ತದೆ. ಹೆಸರು ತೆಗೆದರೂ ಸಾಲದು. ತಲೆಯ ಎಂಆರ್‌ಐಯಲ್ಲಿ ಮೂಗು, ಬಾಯಿ, ಹುಬ್ಬು ಎಲ್ಲ ಬಂದಿರುತ್ತವೆ, ಅದರಿಂದ ಮುಖ ಕಟ್ಟಬಹುದು. 2019ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು 84 ಸ್ವಯಂಸೇವಕರ ಸ್ಕ್ಯಾನ್‌ನಿಂದ ಮುಖ ಕಟ್ಟಿ, ಅವರ ಫೋಟೋಗಳ ಜೊತೆ ಸಾಫ್ಟ್‌ವೇರ್‌ನಲ್ಲಿ ಹೋಲಿಸಿದರು. 70 ಜನ ಸರಿಯಾಗಿ ಸಿಕ್ಕಿಬಿದ್ದರು. ಅದಕ್ಕೇ ಹಂಚಿಕೊಳ್ಳುವ ಮುಂಚೆ ಮುಖದ ಭಾಗ ಅಳಿಸುತ್ತಾರೆ. ಆಸ್ಪತ್ರೆಯ ಸ್ಕ್ಯಾನ್ ಬೇಕೇ ಬೇಕಿದ್ದರೆ ನಿಮ್ಮ ಗೈಡ್ ಮೂಲಕ ಅಲ್ಲಿನ ಎಥಿಕ್ಸ್ ಕಮಿಟಿಗೆ ಅರ್ಜಿ ಕೊಡಿ. ತಿಂಗಳುಗಟ್ಟಲೆ ಹಿಡಿದರೂ ಅದೇ ದಾರಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ವಯಸ್ಸಾದವರ ಮಿದುಳಿನ ಬಗ್ಗೆ ಅಧ್ಯಯನ ನಡೆಯುತ್ತಿದೆ. ನನಗೂ ಎಂಆರ್‌ಐ ಮಾಡಿದ್ದಾರೆ. ಮತ್ತೆ ಕರೆ ಬಂದಿದೆ. ‘ಕಾಯಿಲೆ ಇಲ್ಲದವರ ತಲೆ ಅವರಿಗೆ ಯಾಕೆ ಬೇಕು, ಹೋಗಬೇಡಿ’ ಅಂತ ಮನೆಯಲ್ಲಿ ಹೇಳುತ್ತಾರೆ. ಹೋಗಲಾ?
— ಒಬ್ಬ ಓದುಗರು, ಕೋಲಾರ ಜಿಲ್ಲೆ

ಉತ್ತರ: ಹೋಗಿ ಮೇಷ್ಟ್ರೇ, ಮನಸ್ಸಿದ್ದರೆ ಖಂಡಿತ ಹೋಗಿ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡುವ ಹಕ್ಕೂ ನಿಮಗಿದೆ.

ಮನೆಯವರ ಪ್ರಶ್ನೆಗೆ ಉತ್ತರ ಮೇಲಿನ ದಾವಣಗೆರೆ ಪತ್ರದಲ್ಲೇ ಇದೆ, ಓದಿ ಹೇಳಿ. ಆ ತಾಯಿಯನ್ನು ನೂರು ಆರೋಗ್ಯವಂತರ ಸಾಲಿನಲ್ಲಿ ನಿಲ್ಲಿಸಿ ಅಳೆದರು ಅಂದೆನಲ್ಲ. ಆ ಸಾಲಿಗೆ ನಮ್ಮವರು ಬೇಕು. ಹೈದರಾಬಾದಿನ ನಕ್ಷೆ ಚಿಕ್ಕ ವಯಸ್ಸಿನವರದು. ನಿಮ್ಹಾನ್ಸ್‌ನವರೂ ಸೇರಿ ಮಾಡಿದ ಭಾರತೀಯ ಮಿದುಳಿನ ಮಾದರಿಗಳು 6ರಿಂದ 60 ವರ್ಷದವರೆಗಿನವು. ಮರೆವಿನ ಪ್ರಶ್ನೆ ಏಳುವುದೇ 60 ದಾಟಿದ ಮೇಲೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ನಿಮ್ಮ ತಾಲ್ಲೂಕಿನಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ನೋಡಿಕೊಂಡು ಹೋಗಬೇಕು ಅಂತ ಹೊರಟಿದೆ. ಹಳ್ಳಿಯಲ್ಲಿ ಬಾಳಿದವರ, ರಾಗಿ ಉಂಡವರ, ಶಾಲೆ ಕಂಡವರ, ಕಾಣದವರ ಮಿದುಳು ವಯಸ್ಸಾದಂತೆ ಹೇಗೆ ಬದಲಾಗುತ್ತದೆ ಅಂತ ಕನಸು ಬಿದ್ದು ಗೊತ್ತಾಗಲ್ಲ. ಅದೇ ಮನುಷ್ಯರನ್ನು ಮತ್ತೆ ಮತ್ತೆ ನೋಡಬೇಕು. ಒಂದು ಸಲ ಬಂದು ಬಿಟ್ಟವರ ಸ್ಕ್ಯಾನ್‌ಗಿಂತ, ಎರಡನೇ ಸಲ ಬಂದ ನಿಮ್ಮ ಸ್ಕ್ಯಾನ್‌ಗೆ ಬೆಲೆ ಜಾಸ್ತಿ.

ಒಪ್ಪಿಗೆ ಪತ್ರವನ್ನು ಪೂರ್ತಿ ಓದಿಸಿಕೊಂಡು ಸಹಿ ಹಾಕಿ. ಸ್ಕ್ಯಾನ್ ಯಾರ ಜೊತೆ ಹಂಚುತ್ತಾರೆ, ಮುಖದ ಭಾಗ ಅಳಿಸುತ್ತಾರಾ ಅಂತ ಕೇಳಿ. ಈ ನಡುವೆ ಪೇಸ್‌ಮೇಕರ್, ಸ್ಟೆಂಟ್, ಮೂಳೆಗೆ ರಾಡ್ ಏನಾದರೂ ಹಾಕಿಸಿದ್ದರೆ ಫೋನ್ ಬಂದಾಗಲೇ ಹೇಳಿಬಿಡಿ. ಬೆಳ್ಳಿ ಉಡಿದಾರ ಇದ್ದರೆ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಅಲ್ಲಿ ಹೇಗೂ ತೆಗೆಸುತ್ತಾರೆ, ವಾಪಸ್ ಬರುವ ಗಡಿಬಿಡಿಯಲ್ಲಿ ಮರೆತು ಬರುತ್ತೀರಿ.